ಅರ್ಧ ಅಂಗುಲ

"ಬಿಚ್ಚು, ಇಡು, ಬಿಗಿ, ಅಷ್ಟೇ ಕೆಲಸ" ಅಂದಿದ್ದ
ಗುಜರಿಯ ಡೆಲ್ಮಾರ್, ನೋಟು ಎಣಿಸುತ್ತ.
ಇವತ್ತಿಗೆ ಒಂಬತ್ತನೆಯ ದಿನ.
ಮೊಂಟಾನಾದ ಈ ತಗಡಿನ ಶೆಡ್ಡಿನ ಹೊರಗೆ
ಸೊನ್ನೆಯಿಂದ ಇಪ್ಪತ್ತು ಕೆಳಗೆ;
ಹಿಡಿದ ಸ್ಪ್ಯಾನರು ಬಿಡುವಾಗ
ಸ್ವಲ್ಪ ಚರ್ಮ ಬಾಡಿಗೆ ಕೇಳುತ್ತದೆ.
ಎಪ್ಪತ್ತೊಂಬತ್ತರ ಶೆವರ್ಲೆ ಟ್ರಕ್ಕಿನಡಿ
ಬೆನ್ನಿಗೆ ರಟ್ಟು ಹಾಸಿಕೊಂಡು ಮಲಗಿದ್ದೇನೆ,
ಎದೆಯ ಮೇಲೆ ಬೇರೆ ಯಾರದೋ ಗೇರ್‌ಬಾಕ್ಸು.

ಹಳೆಯದಕ್ಕೆ ಮೂರು ಗೇರು, ಇದಕ್ಕೆ ನಾಲ್ಕು.
ಮೂತಿ ಒಂದೇ ಅಳತೆ, ಮೈ ಮೂರು ಅಂಗುಲ ಉದ್ದ.
ಅಡ್ಡಪಟ್ಟಿಯ ತೂತುಗಳು ಇನ್ನೂ ಹಳಬನ ನೆನಪಿನಲ್ಲೇ ಇದ್ದವು:
ಹಿಂದಕ್ಕೆ ಸರಿಸಿ ಹೊಸದಾಗಿ ಕೊರೆದೆ,
ಎರಡು ಡ್ರಿಲ್ ಬಿಟ್ಟು ಮುರಿದೆ, ಒಂದು ಬೈಗುಳ ಕಲಿತೆ.
ಆಯಿಲ್ ಕಡ್ಡಿಯ ಕೊಳವೆ ಗೋಡೆಗೆ ತಾಗಿತು, ಬಗ್ಗಿಸಿದೆ.
ಥ್ರಾಟಲ್ ಕೇಬಲ್ಲಿಗೆ ಈ ಕಾರ್ಬುರೇಟರಿನಲ್ಲಿ ಕೊಕ್ಕೆಯೇ ಇಲ್ಲ,
ಅದಿಲ್ಲದೆ ಓಡಿಸಿದರೆ ಪಕ್ಕದ ಊರು ಮುಟ್ಟುವುದರೊಳಗೆ
ಒಳಗಿನ ಬಿಲ್ಲೆಗಳೆಲ್ಲ ಸೀದ ರೊಟ್ಟಿ;
ಹಳೆ ಬಾಗಿಲ ಚಿಲಕ ಅರೆದು ಕೊಕ್ಕೆ ಮಾಡಿದೆ.
ಅಕ್ಕ ರೋವೀನಾ ದಿನಕ್ಕೆರಡು ಸಲ ಫೋನು:
"ಕುರಿಗಳಿಗೆ ನೀರು ಹೊರೋರು ಯಾರು?"

ಇವೆಲ್ಲ ಬಗೆಹರಿಯುವ ಜಗಳಗಳು.
ಬಗೆಹರಿಯದ್ದು ಒಂದು:
ಎಂಜಿನ್ನಿಗೂ ಇದಕ್ಕೂ ನಡುವೆ ಅರ್ಧ ಅಂಗುಲ.
ಟಾರ್ಚು ಬಿಟ್ಟರೆ ಆಚೆ ಬದಿ ಬೆಳಕು.
ಕಿರುಬೆರಳು ಹೋಗುತ್ತದೆ.

ನನ್ನಲ್ಲಿ ಆರು ಬೋಲ್ಟುಗಳಿವೆ.
ಒಂದೊಂದನ್ನೇ ಕಾಲು ಸುತ್ತು ಬಿಗಿಯುತ್ತ ಹೋದರೆ
ಬರುತ್ತದೆ, ಬರಲೇಬೇಕು, ಬರದೆ ಎಲ್ಲಿಗೆ ಹೋದೀತು?
ಸ್ಪ್ಯಾನರು ಎತ್ತಿದ್ದೆ.

ಮೊದಲು ಬೂಟು ಕಂಡಿತು. ಹಾಲ್ವರ್ ಟ್ವೈಟ್.
ನಲವತ್ತು ಸುಗ್ಗಿ ಗೋಧಿ ಕೊಯ್ಯುವ ಯಂತ್ರಗಳ ಪಕ್ಕ ನಿಂತು
ಎರಡೂ ಕಿವಿ ಅವಕ್ಕೇ ಕೊಟ್ಟು ಬಂದವನು.
ಬಗ್ಗಿ ನೋಡಿದ. ನನ್ನ ಕೈಯ ಸ್ಪ್ಯಾನರು ತೆಗೆದು
ಜೇಬಿಗೆ ಹಾಕಿಕೊಂಡ,
ಮಗುವಿನ ಕೈಯಿಂದ ಬೆಂಕಿಪೊಟ್ಟಣ ತೆಗೆದಂತೆ.

"ಬೋಲ್ಟು ಇರೋದು ಎಳೆಯೋಕಲ್ಲ," ಅಂದ,
ತನಗೇ ಕೇಳದ ದೊಡ್ಡ ದನಿಯಲ್ಲಿ,
"ಬಂದು ಕೂತದ್ದನ್ನ ಹಿಡಿದಿಟ್ಟುಕೊಳ್ಳೋಕೆ.
ಎಳೆದಿದ್ರೆ ಒಳಗಿನ ಪಂಪು ಬಿಸ್ಕತ್ತು."

ಮತ್ತೆ ಇಳಿಸಿದೆವು. ಜ್ಯಾಕು ಮುಲುಗಿತು.
ಮೂತಿ ಮೇಲಾಗಿ ನಿಲ್ಲಿಸಿ,
ಒಳಗಿನ ಕನ್ವರ್ಟರಿನ ಮೇಲೆ ಎರಡೂ ಅಂಗೈ ಊರಿ
ಒತ್ತುತ್ತ ತಿರುಗಿಸಿದ, ಬೀಸುಕಲ್ಲು ತಿರುಗಿಸಿದಂತೆ.
"ಮೂರು ಸಲ ಬೀಳಬೇಕು ಇದು. ಕಡೇದು ಪಂಪಿಗೆ.
ಎಷ್ಟು ಎಣಿಸಿದೆ?"
ಎರಡು ಬೆರಳು ತೋರಿಸಿದೆ.
ಕಿವಿಯಿಂದ ಎಣಿಸಿದ್ದೆ ನಾನು,
ರೇಡಿಯೋ ಹಾಕಿಕೊಂಡು.

ನನ್ನ ಕೈ ಎಳೆದು ತನ್ನ ಕೈಯಡಿ ಇಟ್ಟ.
ತಿರುಗಿತು. ತಿರುಗಿತು. ಎಣ್ಣೆಯ ತಣ್ಣನೆ ಭಾರ.
ಆಮೇಲೆ, ಸದ್ದು ಅನ್ನಲಾರೆ ಅದನ್ನು,
ಪಕ್ಕದಲ್ಲಿ ಮಲಗಿದವರು ನಿದ್ದೆಯಲ್ಲೇ ಮಗ್ಗುಲಾಗಿ
ಹಾಸಿಗೆ ತುಸು ತಗ್ಗಿದ ಹಾಗೆ.
ಹಾಲ್ವರ್ ಕಣ್ಣು ಮುಚ್ಚಿದ್ದ.
ಮೂರು ಬೆರಳು ಎತ್ತಿದ.

ಎತ್ತಿ ಕೂರಿಸಿದಾಗ ಬೆರಳಿಗೇ ತಿರುಗಿದವು ಬೋಲ್ಟುಗಳು.
ಸಂದಿಗೆ ಟಾರ್ಚು ಬಿಟ್ಟೆ. ಕತ್ತಲೆ.
ಇಷ್ಟು ಒಳ್ಳೆಯ ಕತ್ತಲೆ ನಾನು ಕಂಡಿರಲಿಲ್ಲ.

ಕಾಫಿ ಕುಡಿದು ಹೋದ ಹಾಲ್ವರ್,
ನನ್ನ ಸ್ಪ್ಯಾನರು ಅವನ ಜೇಬಿನಲ್ಲೇ.
ಈಗ ಪ್ರೊಪೆಲ್ಲರ್ ಶಾಫ್ಟು ಮೂರು ಅಂಗುಲ ಉದ್ದ.
ಅದನ್ನು ಸರಿಯಾಗಿ ಕತ್ತರಿಸುವವನು ಇರುವುದು ಮೈಲ್ಸ್ ಸಿಟಿಯಲ್ಲಿ,
ಇಲ್ಲಿಂದ ನೂರಾ ಹತ್ತು ಮೈಲಿ,
ಹಿಮ, ಗಾಳಿ, ಒಂದೂ ಬಸ್ಸಿಲ್ಲದ ರಸ್ತೆ.
ಹೋಗಲು ನನಗಿರುವ ಗಾಡಿ
ಇದೊಂದೇ.